ಐದು ವಾಕ್ಯಕ್ಕೊಂದು ಪ್ಯಾಕೆಟ್

ಮೊದಲು ಬಾಯಲ್ಲಿರುವುದನ್ನು ನುಂಗಿ. ಹಿಂದಿನ ಸಾಲಿನವರು ಪರಪರ ಎಂದು ಪ್ಯಾಕೆಟ್ ಹರಿಯುವುದನ್ನು ನಿಲ್ಲಿಸಿ. ಎಪ್ಪತ್ತೊಂದು ವರ್ಷದ ಮುದುಕಿ ನಿಂತು ಮಾತಾಡುತ್ತಿದ್ದಾಳೆ, ನೀವು ಕೂತು ಮೇಯುತ್ತಿದ್ದೀರಿ.

ಈಗ ಪದ್ಧತಿಯ ಪ್ರಕಾರ ಹೇಳುತ್ತೇನೆ. ನಮ್ಮ ನೋಯ್ಡಾ ಕನ್ನಡ ಕೂಟದ ಅಧ್ಯಕ್ಷರಾದ ಕೇಶವಮೂರ್ತಿಯವರೇ, ಚಾಣಕ್ಯಪುರಿಯಿಂದ ಕಾರಿನಲ್ಲಿ ಬಂದಿರುವ ಮುಖ್ಯ ಅತಿಥಿಗಳೇ, ಈ ವಾರ್ಷಿಕೋತ್ಸವಕ್ಕೆ ಬ್ಯಾನರು ಕಟ್ಟಿಸಿರುವ ಚಿಪ್ಸ್ ಕಂಪನಿಯ ಯುವಕರೇ, ಸಭಿಕರೇ, ಮುಂದೆ ಕೂತಿರುವ ನನ್ನ ಭಾನುವಾರದ ಮಕ್ಕಳೇ.

ವಿಜಯಮ್ಮನಿಗೆ ಸನ್ಮಾನ ಎಂದು ಅಚ್ಚು ಹಾಕಿಸಿದ್ದೀರಿ. ಏಳು ವರ್ಷ ದೆಹಲಿಯ ಮಕ್ಕಳಿಗೆ ಕನ್ನಡ ಕಲಿಸಿದ್ದಕ್ಕಂತೆ. ನಾನು ಓದಿದ್ದು ಹಿರಿಯೂರಿನ ಹತ್ತಿರದ ಹಳ್ಳಿಯಲ್ಲಿ, ಬರೀ ನಾಲ್ಕನೇ ಕ್ಲಾಸು. ಐದಕ್ಕೆ ಹೋಗಿದ್ದರೆ ಇನ್ನೂ ದೊಡ್ಡ ಶಾಲು ಹೊದಿಸುತ್ತಿದ್ದಿರೋ ಏನೋ. ಶಾಲು ಚೆನ್ನಾಗಿದೆ. ಆದರೆ ಹಣ್ಣಿನ ಬುಟ್ಟಿ ಎಂದು ಕೈಗಿಟ್ಟಿರಲ್ಲ, ಅದರಲ್ಲಿ ಒಂದು ಬಾಳೆಹಣ್ಣಾದರೂ ಇದೆಯೇ? ಚಿಪ್ಸ್, ಕ್ರೀಮ್ ಬಿಸ್ಕತ್ತು, ಜ್ಯೂಸ್ ಡಬ್ಬಿ. ಜ್ಯೂಸ್ ಎನ್ನುವುದು ಅವರು. ಹಣ್ಣಿರುವುದು ಡಬ್ಬಿಯ ಮೇಲಿನ ಚಿತ್ರದಲ್ಲಿ ಮಾತ್ರ.

ನಗಬೇಡಿ. ಇದನ್ನು ಮಕ್ಕಳ ಬಾಯಿಗೆ ಹಾಕಿದವಳು ನಾನೇ.

ಕ್ಲಾಸು ಶುರುವಾದಾಗ ಆರು ಮಕ್ಕಳಿದ್ದರು. ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. "ನೀರು ಬೇಕೇನೋ?" ಎಂದರೆ "ನಹೀ ಅಜ್ಜಿ" ಎನ್ನುತ್ತಿದ್ದವು. ಆಗ ಕೇಶವಮೂರ್ತಿಯವರು ಈ ಕಂಪನಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ತರಿಸಿಕೊಟ್ಟರು. ಪದ್ಧತಿ ಮಾಡಿದ್ದು ನಾನು. ಹಿಂದಿ, ಇಂಗ್ಲಿಷ್ ಬೆರೆಸದೆ ಐದು ವಾಕ್ಯ ಕನ್ನಡ ಆಡಿದರೆ ಒಂದು ಪ್ಯಾಕೆಟ್, ಒಂದು ಜ್ಯೂಸ್. ಹತ್ತು ಆಡಿದರೆ ಎರಡು. ಆರು ಮಕ್ಕಳು ನಲವತ್ತಾದರು. ನೀವೆಲ್ಲ ಕೈ ಮುಗಿದಿರಿ. ನಾನೂ ಉಬ್ಬಿದೆ.

ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದವಳು ಧಾರಿಣಿ, ನನ್ನ ಮಗಳು ಹರ್ಷಿಣಿಯ ಮಗಳು. ಹನ್ನೆರಡು ವರ್ಷ. ಹದಿನೈದು ವಾಕ್ಯ ಒಂದೇ ಉಸಿರಿಗೆ ಹೇಳಿ, ಆಮೇಲೆ "ಅಜ್ಜಿ, ಅಬ್ ತೀನ್ ದೋ" ಎಂದು ಕೈ ಚಾಚುತ್ತಿದ್ದಳು. ಮೂರು ಕೇಳಿದವಳಿಗೆ ನಾನು ನಕ್ಕು ನಾಲ್ಕು ಕೊಡುತ್ತಿದ್ದೆ. ನನ್ನ ಮೊಮ್ಮಗಳಲ್ಲವೇ?

ಹೋದ ಚಳಿಗಾಲದಲ್ಲಿ ಅವಳ ಕತ್ತಿನ ಸುತ್ತ ಕಪ್ಪಗೆ ಒಂದು ಪಟ್ಟಿ ಕಂಡಿತು.

"ಏನೇ ಇದು, ಕತ್ತು ತೊಳೆದು ಎಷ್ಟು ದಿನ ಆಯ್ತೇ?"

"ರೋಜ್ ತೊಳೀತೀನಿ ಅಜ್ಜಿ, ಸಚ್ಚಿ."

"ಚಳಿ ಅಂತ ಬರೀ ಮುಖ ಒರೆಸ್ಕೊಂಡು ಬರ್ತೀಯ. ನನ್ನ ಹತ್ರ ಸುಳ್ಳು ಬೇಡ."

ಕಡಲೆಹಿಟ್ಟು ಹಚ್ಚಿ ಉಜ್ಜಿದೆ. ಹೋಗಲಿಲ್ಲ. ತೆಂಗಿನ ನಾರು ತೆಗೆದುಕೊಂಡು ಉಜ್ಜಿದೆ. "ಉರಿಯತ್ತೆ ಅಜ್ಜಿ, ಬಸ್" ಎಂದು ಅತ್ತಳು. ತಲೆಯ ಮೇಲೊಂದು ಮೊಟಕಿ ಮತ್ತೆ ಉಜ್ಜಿದೆ. ಎರಡು ವಾರ ದಿನಾ ಬೆಳಗ್ಗೆ ಇದೇ ಕೆಲಸ. ಕೊನೆಗೆ ಚರ್ಮ ಸುಲಿದಾಗ ವಸಂತ್ ಕುಂಜ್‌ನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಆಕೆ ಕತ್ತು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ನನ್ನ ಕಡೆ ತಿರುಗಿ "ಮಾತಾಜಿ, ಯೇ ಮೈಲ್ ನಹೀ ಹೈ" ಎಂದರು. ಕೊಳೆಯಲ್ಲವಂತೆ. ಸಕ್ಕರೆ ಕಾಯಿಲೆಯ ಗುರುತಂತೆ. ನಮ್ಮತ್ತೆಗೆ ಅರವತ್ತು ದಾಟಿದ ಮೇಲೆ ಬಂದದ್ದು ಇವಳಿಗೆ ಹನ್ನೆರಡಕ್ಕೆ ಬಂದಿದೆ. ನಾನೇ ಕೊಟ್ಟದ್ದನ್ನು ನಾನೇ ನಾರು ಹಾಕಿ ಉಜ್ಜುತ್ತಿದ್ದೆ.

ಬರುವಾಗ ಕಾರಿನಲ್ಲಿ ಅಳಿಯ ರಘುನಂದನ್ ಸಮಾಧಾನ ಹೇಳಿದರು: "ಅತ್ತೆ, ಬರೀ ನಿಮ್ಮ ಕ್ಲಾಸಿಂದ ಆಗಿದ್ದಲ್ಲ ಬಿಡಿ. ಸ್ಕೂಲ್ ಕ್ಯಾಂಟೀನಲ್ಲೂ ಅದೇ. ನಾವು ಆಫೀಸಿಂದ ಬರೋದು ಎಂಟಕ್ಕೆ, ಮನೇಲೂ ಅದನ್ನೇ ತಿಂತಿದ್ಲು." ಇದು ಸಮಾಧಾನವೇ? ಶಾಲೆಯಲ್ಲಿ ಅದೇ, ಮನೆಯಲ್ಲಿ ಅದೇ, ಅಂಗಡಿಯಲ್ಲಿ ಅದೇ, ಕನ್ನಡದಲ್ಲೂ ಅದೇ. ಹಾಗಾದರೆ ಆ ಮಗುವನ್ನು ಎಲ್ಲಿ ಕೂರಿಸಬೇಕಿತ್ತು?

ಮುಂದಿನ ಭಾನುವಾರ ಪೆಟ್ಟಿಗೆ ಮುಟ್ಟಲಿಲ್ಲ. ಕಡಲೆಕಾಳಿನ ಉಸಲಿ ಮಾಡಿಕೊಂಡು ಹೋದೆ. ಇಲ್ಲೇ ಕೂತಿರುವ ರಜತ್ ಮೂಸಿ ನೋಡಿ, "ಅಜ್ಜಿ, ಮಸಾಲಾ ಕಹಾಂ ಹೈ?" ಎಂದ. ತಲೆ ತಗ್ಗಿಸಬೇಡವೋ, ತಪ್ಪು ನಿನ್ನದಲ್ಲ. ಅದರ ಮುಂದಿನ ವಾರ ಬಂದವರು ಎಂಟು ಮಂದಿ. "ಪ್ಯಾಕೆಟ್ ಇಲ್ಲ ಅಂದ್ರೆ ಏಳೋದೇ ಇಲ್ಲ ಅಂತಾನೆ, ಏನ್ ಮಾಡ್ಲಿ ಅಮ್ಮ?" ಎಂದು ತಾಯಂದಿರ ಫೋನು.

ಇದನ್ನು ಹೇಳಬಾರದು ಎಂದುಕೊಂಡು ಬಂದಿದ್ದೆ. ಮೂರನೆಯ ಭಾನುವಾರ ನಾನೇ ಹೋಗಿ ಪೆಟ್ಟಿಗೆ ಒಡೆದೆ. ಖಾಲಿ ಕುರ್ಚಿಗಳನ್ನು ನೋಡಲಾಗಲಿಲ್ಲ. ನನ್ನ ಮೊಮ್ಮಗಳನ್ನು ಮನೆಯಲ್ಲಿ ಬಿಟ್ಟು, ನಿಮ್ಮ ಮಕ್ಕಳಿಗೆ ಹಂಚಿ ಬಂದೆ. ಬಾಗಿಲಲ್ಲೇ ಧಾರಿಣಿ ಕೇಳಿದಳು, "ಅಜ್ಜಿ, ನನ್ನದನ್ನ ಯಾರಿಗೆ ಕೊಟ್ಟೆ?"

ಅವಳು ನನ್ನ ಜೊತೆ ಆಡಿದ ಕೊನೆಯ ಕನ್ನಡ ಅದು. ಈಗ ಏನು ಕೇಳಿದರೂ ಹಿಂದಿಯಲ್ಲೇ ಉತ್ತರ.

ಕಂಪನಿಯ ಯುವಕರೇ, ನಿಮ್ಮನ್ನು ಬೈದು ಏನು ಪ್ರಯೋಜನ? ನಾಳೆ ನೀವು ಇನ್ನೊಂದು ಕೂಟಕ್ಕೆ ಪೆಟ್ಟಿಗೆ ಕಳಿಸುತ್ತೀರಿ, ಅಲ್ಲೂ ನನ್ನಂಥವಳೊಬ್ಬಳು ಉಬ್ಬುತ್ತಾಳೆ. ನನಗೆ ಯಾವ ಭರವಸೆಯೂ ಉಳಿದಿಲ್ಲ. ಆದರೆ ಹೋದ ವಾರ ಕ್ಲಾಸಿನಲ್ಲಿ ಇನ್ನೂ ಇಬ್ಬರ ಕತ್ತಿನಲ್ಲಿ ಆ ಪಟ್ಟಿ ನೋಡಿದೆ. ಹೆಸರು ಸಭೆಯಲ್ಲಿ ಹೇಳುವುದಿಲ್ಲ. ಮನೆಗೆ ಹೋಗಿ ದೀಪದ ಕೆಳಗೆ ನಿಮ್ಮ ನಿಮ್ಮ ಮಕ್ಕಳ ಕತ್ತು ನೋಡಿಕೊಳ್ಳಿ. ಉಜ್ಜಬೇಡಿ.

ಇನ್ನು ನನ್ನ ಕ್ಲಾಸಿನಲ್ಲಿ ಪ್ಯಾಕೆಟ್ ಇಲ್ಲ. ಹಾಗಿದ್ದೂ ಮಗುವನ್ನು ಕಳಿಸುತ್ತೀರೋ ಇಲ್ಲವೋ, ಮನೆಗೊಂದರಂತೆ ನನಗೆ ಚೀಟಿ ಬರೆದು ಕಳಿಸಿ. ಚೀಟಿ ಬಾರದಿದ್ದರೆ ಇಲ್ಲವೆಂದೇ ತಿಳಿದು ಕ್ಲಾಸಿನ ಬೀಗದ ಕೈ ಕೇಶವಮೂರ್ತಿಯವರಿಗೆ ಒಪ್ಪಿಸುತ್ತೇನೆ. ಕನ್ನಡ ಬಾರದಿದ್ದರೂ ಮಕ್ಕಳು ಬದುಕುತ್ತಾರೆ.

ಇಷ್ಟು ಹೊತ್ತು ಕೂತು ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈ ಸೇರಿರಬೇಕು.