ತಾನಾಗಿ ನೆಟ್ಟಗಾಗುವ ಹ್ಯಾಂಡಲ್

ಹಲೋ... ಹಲೋ, ಯಾರು ಮಾತಾಡೋದು? ... ಜೋಶೀ ಕಾಕೂನ್ನಾ ಬೋಲವಾಯಚಂ ಕಾ? ಥಾಂಬಾ, ಕರೀತೇನೆ...

ಹಾಂ? ನಾನೇ ಬೇಕಾ? ... ಈ ಫೋನ್ ಬಂದಾಗಿಂದ ನನ್ನನ್ನು ಕೇಳುವವರೇ ಇಲ್ಲ ಮಾರಾಯ್ರೇ, ಬರುವುದೆಲ್ಲ ಅಕ್ಕಪಕ್ಕದವರಿಗೆ. ಯಾರು ನೀವು? ... ಸ್ವಲ್ಪ ಗಟ್ಟಿಯಾಗಿ ಹೇಳಿ...

ಓ, ಅಂಬಾರಾಯ! ‘ಅಮ್ಮಾರ’ ಅಂದಾಗಲೇ ಗೊತ್ತಾಗಬೇಕಿತ್ತು. ಇಡೀ ಡೊಂಬಿವಲಿಯಲ್ಲಿ ನನ್ನನ್ನು ಹಾಗೆ ಕರೆಯುವವರು ಬೇರೆ ಯಾರಿದ್ದಾರೆ? ಠಾಣೆಯ ಕಾರ್ಖಾನೆಯಲ್ಲಿ ಇವರ ಪಕ್ಕದಲ್ಲೇ ನಿಂತು ಅಷ್ಟು ವರ್ಷ ಕೆಲಸ ಮಾಡಿದ್ದೀ, ಮಾತು ಮಾತ್ರ ಕಲಬುರ್ಗಿಯದ್ದೇ ಉಳೀತು ನೋಡು. ಎಲ್ಲಿಂದ ಮಾತಾಡ್ತಿದ್ದೀ? ... ಶಹಾಡಿನಿಂದಲೇ? ನಿಮ್ಮ ಗಲ್ಲಿಯ ತಿರುವಿನಲ್ಲಿ ಅಂಗಡಿ ಉಂಟಲ್ಲ, ಅಲ್ಲಿಂದಾ? ಹಾಂ, ನಾಣ್ಯ ಹಾಕಿ ಮಾತಾಡುವ ಆ ಕೆಂಪು ಡಬ್ಬಿ...

ಮಗಳು ಮರೆಮ್ಮ ಹೇಗಿದ್ದಾಳೆ? ಕಾಲಲ್ಲಿ ತಳ್ಳುವ ಆ ಗಾಡಿ ಓಡಿಸ್ತಾಳಾ? ಭಾನುವಾರ ನೀನು ಇಲ್ಲಿಂದ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಇಳೀತಿದ್ದರೆ, ಅವಳು ಹಿಂದಿನಿಂದ ಕೈ ಚಾಚಿ ಚಕ್ರ ತಿರುಗಿಸ್ತಾ ಹೋದಳಲ್ಲ, ಅದು ಈಗಲೂ ಕಣ್ಣ ಮುಂದೆ ಉಂಟು...

ಎಂತ ಅಂದೆ? ... ಅಂಬಾರಾಯ?

ವಾಪಸ್ಸಾ? ಗಾಡಿಯನ್ನಾ? ... ಯಾಕಪ್ಪ? ಮಗು ಬಿದ್ದಳಾ? ... ಬೀಳಲಿಲ್ಲ. ಸದ್ಯ. ಮತ್ತೆಂತ?

ಹ್ಯಾಂಡಲ್ಲಾ? ... ನೆಟ್ಟಗಾಗ್ತಾ ಇಲ್ಲವಾ? ಹಾಗಾಗ್ಲಿಕ್ಕಿಲ್ಲ ಮಾರಾಯ. ಅದಕ್ಕೆಂದೇ ಅಲ್ವಾ ಇವರು ಅದನ್ನು ಮಾಡಿದ್ದು? ನಿನ್ನ ಮಗಳ ಹಾಗೆ ನಮ್ಮ ಮುಕ್ತಾಗೂ ಎಡಗೈಯಲ್ಲಿ ಬಲ ಇರಲಿಲ್ಲ. ಅಂಗಡಿಯ ಗಾಡಿ ತಂದುಕೊಟ್ಟರೆ, ಒಂದು ಕಾಲು ಹಲಗೆ ಮೇಲಿಟ್ಟು ಇನ್ನೊಂದರಲ್ಲಿ ತಳ್ಳುವಷ್ಟರಲ್ಲಿ, ಬಲಗೈ ಎಳೆದ ಕಡೆಗೇ ಹೋಗಿ ಗೋಡೆಗೆ ಗುದ್ದುತ್ತಿದ್ದಳು. ಆಗ ಇವರು ಅಡುಗೆಮನೆಗೆ ಬಂದು, ಸೌಟಿನಲ್ಲಿ ಒಂದು ಗೋಲಿ ಇಟ್ಟು ನನಗೆ ತೋರಿಸಿದ್ರು. ಸೌಟು ಅಲುಗಿಸು, ಗೋಲಿ ಮೇಲೆ ಹತ್ತುತ್ತದೆ; ಸುಮ್ಮನೆ ಬಿಡು, ನಡುವಿಗೇ ಬರ್ತದೆ. ಹ್ಯಾಂಡಲಿನ ಬುಡದಲ್ಲೂ ಅಂಥದ್ದೇ ಒಂದು ಹಳ್ಳ, ಅದರಲ್ಲೊಂದು ಬೇರಿಂಗ್ ಗುಂಡು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ಕೈ ಬಿಟ್ಟರೆ ಟಕ್ ಅಂತ ನೆಟ್ಟಗೆ ನಿಲ್ಲಬೇಕು... ಯಾರಿಗೆ ಹೇಳ್ತಿದ್ದೇನೆ ನೋಡು, ಆ ಹಳ್ಳವನ್ನು ಅರದಿಂದ ಉಜ್ಜಿ ಉಜ್ಜಿ ಮಾಡಿದವನೇ ನೀನು!

ಬಿಚ್ಚಿ ನೋಡಿದ್ಯಾ? ... ಸ್ಪ್ರಿಂಗ್ ಸರಿ ಉಂಟು. ಬೇರಿಂಗೂ ಸರಿ. ... ಹಗಲೆಲ್ಲ ಟಕ್ ಅಂತ ಸರಿಯಾಗಿಯೇ ಬರ್ತದೆ. ಹಾಂ. ಮತ್ತೆ ಬಾರದೆ ಇರುವುದು ಯಾವಾಗ?

ದೀಪ ಹಚ್ಚುವ ಹೊತ್ತಿಗೆ...

ಇಲ್ಲ, ಇದ್ದೇನೆ, ಇದ್ದೇನೆ. ಲೈನ್ ಕಟ್ ಆಗಲಿಲ್ಲ. ತಡಿ, ಸ್ಟೂಲ್ ಎಳೆದುಕೊಂಡು ಕೂತ್ಕೊಳ್ತೇನೆ...

ಯಾವ ಕಡೆಗೆ ತಿರುಗಿ ನಿಲ್ತದೆ? ... ಎಡಕ್ಕಾ? ... ಸರಿಯಾಗಿ ಹೇಳು ಅಂಬಾರಾಯ, ಎಡಕ್ಕೇನಾ? ... ಮಗು ಎರಡೂ ಕೈ ಬಿಟ್ಟರೂ ಹಾಗೇ ನಿಂತಿರ್ತದಾ? ... ಸ್ವಲ್ಪ ಹೊತ್ತು ನಿಂತು, ಆಮೇಲೆ ತಾನೇ ಟಕ್ ಅಂತ... ಹಾಂ. ಹಾಂ.

ಇಲ್ಲೂ ಹಾಗೇ ಇತ್ತು ಅಂಬಾರಾಯ. ಮುಕ್ತಾ ಹೋದಾಗಿಂದ. ರೈಲು ಮುಷ್ಕರದ ವರ್ಷ ಜ್ವರದಲ್ಲಿ ಹೋದಳಲ್ಲ, ಆಗಿಂದ. ಪ್ಯಾಸೇಜಿನಲ್ಲಿ ಗೋಡೆಗೆ ಒರಗಿಸಿಟ್ಟ ಗಾಡಿ. ಸಂಜೆ ಇವರು ಕಾರ್ಖಾನೆಯಿಂದ ಬರುವ ಹೊತ್ತಿಗೆ ಹ್ಯಾಂಡಲ್ ಎಡಕ್ಕೆ, ಮೆಟ್ಟಿಲಿನ ಕಡೆಗೆ, ತಿರುಗಿ ನಿಂತಿರ್ತಿತ್ತು. ಕಾಲೇಜು ಕಲಿತವಳು ನಾನು. ಮೊದಲು ಗಾಳಿ ಅಂದೆ, ಆಮೇಲೆ ಇಲಿ ಅಂದೆ. ಆದರೆ ಕೈ ಬಿಟ್ಟರೆ ನೆಟ್ಟಗಾಗುವ ಹ್ಯಾಂಡಲ್ ಅದು. ಓರೆಯಾಗಿ ನಿಂತಿದೆ ಅಂದ್ರೆ ಯಾರೋ ಹಿಡ್ಕೊಂಡೇ ಇದ್ದಾರೆ ಅಂತ, ಅಲ್ವಾ? ... ಇವರಾ? ಇವರು ಒಂದು ಮಾತೂ ಹೇಳಿದವರಲ್ಲ. ಬಂದವರು ಚಪ್ಪಲಿ ಬಿಡದೆ ಅಲ್ಲೇ ನಿಲ್ತಿದ್ರು. ಟಕ್ ಅಂದ ಮೇಲೆ ಒಳಗೆ ಬರ್ತಿದ್ರು. ಇವರು ಹೋದ ಮೇಲೆ ನಾನು ನಿಂತೆ...

ಇಲ್ಲ ಮಾರಾಯ, ಗಾಡಿಯ ಜೊತೆ ಬರ್ತದೆ ಅಂತ ನನಗೇನು ಗೊತ್ತು? ಅದು ಈ ಮನೆಯದ್ದು, ಈ ಪ್ಯಾಸೇಜಿನದ್ದು ಅಂತಲೇ ಇದ್ದೆ. ಗಾಡಿ ಹೋದ್ರೂ ಅವಳು ಇಲ್ಲೇ ಇರ್ತಾಳೆ ಅಂತ. ಭಾನುವಾರದಿಂದ ಸಂಜೆ ಬಾಗಿಲು ತೆರೆದಿಟ್ಟು ಕೂತಿದ್ದೇನೆ. ಎಂತದೂ ಇಲ್ಲ. ಖಾಲಿ ಗೋಡೆ... ಜೋಶಿ ಕಾಕು ಗೊತ್ತಲ್ಲ ನಿನಗೆ, ಎದುರು ಮನೆಯವರು? ಆ ಹೊತ್ತಿಗೇ ನಳದಲ್ಲಿ ನೀರು ಬರುವುದು. ಆದ್ರೂ ಅವರು ಹಂಡೆ ಎತ್ತಿಕೊಂಡು ಪ್ಯಾಸೇಜಿಗೆ ಬರ್ತಿರಲಿಲ್ಲ, ಟಕ್ ಅನ್ನುವ ತನಕ ಬಾಗಿಲಲ್ಲೇ ಕಾಯ್ತಿದ್ರು. ಒಂದು ದಿನವೂ ಯಾಕೆ, ಏನು ಅಂತ ಕೇಳಿದವರಲ್ಲ. ಈಗ ಗಾಡಿ ಇಲ್ಲ, ಆದ್ರೂ ಕಾಯ್ತಾರೆ. ನಿನ್ನೆ ಬಟಾಣಿ ಸುಲಿಯುವ ನೆಪ ಮಾಡಿ ನನ್ನ ಪಕ್ಕ ಬಂದು ಕೂತ್ರು...

ಏನಂದೆ? ನಾಳೆಯೇ ತಂದುಬಿಡ್ತೀಯಾ? ... ಲೋಕಲ್‌ನಲ್ಲಿ, ಲಗೇಜ್ ಡಬ್ಬಿಯಲ್ಲಾ? ... ಬಾ. ಬಾ ಅಂಬಾರಾಯ. ದೀಪ ಹಚ್ಚುವ ಮುಂಚೆ ಬಂದುಬಿಡು. ನಾನು ಆ ಜಾಗ ಒರೆಸಿ ಇಡ್ತೇನೆ. ಕಾಕೂಗೂ ಹೇಳಿ ಇಡ್ತೇನೆ...

ಯಾರು ಅಳೋದು ಅಲ್ಲಿ? ... ನಿನ್ನ ಹೆಂಡತಿಯಾ? ಚಂದ್ರಬಾಯಿಯ ಕೈಗೆ ಕೊಡು ಫೋನ್. ಕೊಡು ಮಾರಾಯ...

ಚಂದ್ರಬಾಯಿ, ನಾನು, ಶ್ರೀಮತಿ ಅಮ್ಮ. ಅಳಬೇಡ. ... ಎಂತ ಕಟ್ಟಿದ್ದೀ? ನಿಂಬೆಹಣ್ಣು, ಮೆಣಸಿನಕಾಯಿ? ಹ್ಯಾಂಡಲಿಗಾ? ... ಛೆ, ನನಗೆಂತ ಬೇಜಾರು? ಹೆತ್ತವಳು ನೀನು, ಕಟ್ಟದೆ ಏನು ಮಾಡ್ತೀ? ನಗು ಬಂತು ಅಷ್ಟೇ. ನಮ್ಮ ಮುಕ್ತಾ ಸಾರಿನಲ್ಲಿ ಮೆಣಸಿನ ತುಂಡು ಕಂಡ್ರೆ ಎತ್ತಿ ಅಪ್ಪನ ಬಟ್ಟಲಿಗೆ ಹಾಕ್ತಿದ್ದಳು. ನೀನು ಕಟ್ಟಿದ್ದು ನೋಡಿ ಮೂತಿ ಉಬ್ಬಿಸಿರ್ತಾಳೆ... ಹೌದು ಚಂದ್ರಬಾಯಿ. ಮಗಳಿಗೆ ಏನಾದ್ರೂ ಆದೀತು ಅಂತ ಹೆದರಿಕೆ. ನನಗೆ ಗೊತ್ತಾಗದಾ? ... ಮರೆಮ್ಮ ಹೆದರಿದ್ದಾಳಾ? ... ಇಲ್ಲವಾ? ಮತ್ತೆ ಅವಳ ದನಿಯೂ ಕೇಳ್ತಾ ಉಂಟಲ್ಲ, ಅವಳು ಎಂತಕ್ಕೆ ಅಳೋದು? ... ಗಾಡಿ ವಾಪಸ್ ಕೊಡಬೇಡಿ ಅಂತಾ? ... ಕರಿ ಅವಳನ್ನು. ನಾನೇ ಕೇಳ್ತೇನೆ...

ಹಲೋ, ಮರೆಮ್ಮ. ಡೊಂಬಿವಲಿ ಅಜ್ಜಿ. ... ಹಾಂ, ಹಿಂದಿಯಲ್ಲೇ ಹೇಳು, ನನಗೆ ತಿಳೀತದೆ. ... ಡರ್ ನಹೀ ಲಗತಾ? ಹೆದರಿಕೆ ಇಲ್ಲವೇ ಇಲ್ಲವಾ? ಯಾಕೆ? ... ತಾನಾಗಿ ತಿರುಗ್ತದಾ? ಎಲ್ಲಿ? ... ಆ ಅಂಗಡಿ ಹತ್ತಿರವಾ? ... ಅಲ್ಲಿ ನಿಮ್ಮ ಗಲ್ಲಿ ಎಡಕ್ಕೆ ಹೋಗ್ತದಾ? ...

ನಿನ್ನ ಕೈಯಲ್ಲಿ ಎಡಕ್ಕೆ ಎಳೀಲಿಕ್ಕೆ ಆಗೋದಿಲ್ಲ. ಹಾಂ, ಗೊತ್ತು ಮಗಾ. ಹಗಲಲ್ಲಿ ಇಳಿದು, ಗಾಡಿ ಎತ್ತಿ ತಿರುಗಿಸ್ತೀ. ... ಸಂಜೆ ಮನೆಗೆ ಹೋಗುವಾಗ ಇಳೀಬೇಕಾಗಿಯೇ ಬರೋದಿಲ್ಲ. ... ತಿರುವು ಮುಗೀತದೆ, ಅದೂ ಬಿಡ್ತದೆ. ಟಕ್. ... ಹಾಂ. ಕೇಳ್ತಾ ಇದ್ದೇನೆ. ಇನ್ನೊಂದು ಸಲ ಹೇಳು...

ಅಪ್ಪನಿಗೆ ಕೊಡು ಫೋನ್.

ಅಂಬಾರಾಯ, ಕೇಳಿದ್ಯಾ ಮಗು ಹೇಳಿದ್ದು? ... ಮುಕ್ತಾ ಕೂಡ ಹಾಗೇ ಇಳಿದು, ಎತ್ತಿ ತಿರುಗಿಸ್ತಿದ್ದಳು, ಇಲ್ಲಿ ಮೆಟ್ಟಿಲಿನ ಹತ್ತಿರ. ಅಪ್ಪನ ಚಪ್ಪಲಿ ಸದ್ದು ಕೇಳಿ ಓಡಿಸಿಕೊಂಡು ಹೋದ್ರೆ, ಆ ತಿರುವಿನಲ್ಲಿ ಸೋಲು. ಎಡಗೈ ಹ್ಯಾಂಡಲಿನ ಮೇಲೆ ಸುಮ್ಮನೆ ಮಲಗಿರ್ತಿತ್ತು, ತಣ್ಣಗೆ. ನಾನೇ ದಿನಾ ಎಣ್ಣೆ ಹಚ್ಚಿ ತಿಕ್ಕಿದ ಕೈ. ... ಇಷ್ಟು ವರ್ಷ ನೋಡಿದ್ದೇನೆ, ಎಡಕ್ಕೇ ತಿರುಗ್ತದೆ ಅಂತ ದಿನಾ ನೋಡಿದ್ದೇನೆ, ಇದೊಂದು ಹೊಳೀಲಿಲ್ಲ ನೋಡು. ಎಳೀತಿದ್ದಾಳೆ ಅವಳು, ಆ ಸ್ಪ್ರಿಂಗಿನ ಎದುರು. ಎಡಗೈಗೆ ಬಲ ಬಂದಿದೆ ಅಂಬಾರಾಯ...

ಅಳ್ತಾ ಇಲ್ಲ. ನೆಗಡಿ...

ನಾಳೆ ತರಬೇಡ. ... ಹೌದು, ಈಗ ತಾನೇ ಬಾ ಅಂದೆ. ಈಗ ಬೇಡ ಅಂತಿದ್ದೇನೆ. ... ಇಲ್ಲಿ ಬಂದ್ರೆ ನನಗೋಸ್ಕರ ಗೋಡೆಗೆ ಒರಗಿ ನಿಂತಿರ್ಬೇಕು ಅವಳು. ಅಲ್ಲಿ ಅವಳಿಗೆ ಹೋಗ್ಲಿಕ್ಕೆ ಒಂದು ತಿರುವಾದ್ರೂ ಉಂಟು. ... ಚಂದ್ರಬಾಯಿಗೆ ಹೇಳು, ಮೆಣಸಿನಕಾಯಿ ಬಿಚ್ಚಲಿ. ನಿಂಬೆಹಣ್ಣು ಬೇಕಾದ್ರೆ ಇರಲಿ...

ಪೀಂ ಪೀಂ ಅಂತದಲ್ಲ. ನಾಣ್ಯ ಉಂಟಾ? ... ಅಂಗಡಿಯವನೇ ಕೊಟ್ಟನಾ, ಕೇಳುವ ಮುಂಚೆಯೇ? ಅವನ ಹೊಟ್ಟೆ ತಣ್ಣಗಿರಲಿ. ಹಾಕು, ಬೇಗ ಹಾಕು...

ಹಾಂ, ಬಂತು. ಅಂಗಡಿಯಲ್ಲಿ ದೀಪ ಹಚ್ಚಿದ್ರಾ? ... ಇಲ್ಲೂ ಹೊತ್ತಾಯ್ತು. ಕಾಕು ಬಾಗಿಲಲ್ಲಿ ಹಂಡೆ ಕೆಳಗಿಟ್ಟು ನಿಂತಿದ್ದಾರೆ, ನನ್ನನ್ನೇ ನೋಡ್ತಾ. ... ಗಾಡಿ ಅಲ್ಲೇ ಉಂಟಾ? ಮರೆಮ್ಮ ಹತ್ತಿದ್ದಾಳಾ? ... ಹ್ಯಾಂಡಲ್ ಹೇಗುಂಟು ನೋಡು. ... ಮಗುವಿಗೆ ಕೈ ತೆಗೀಲಿಕ್ಕೆ ಹೇಳಿ ನೋಡು. ... ಎಡಕ್ಕೇ ನಿಂತಿದೆಯಾ? ...

ಅಂಬಾರಾಯ, ಫೋನನ್ನು ಅದರ ಹತ್ತಿರ ಹಿಡಿ. ವಯರ್ ಸಾಲದಿದ್ರೆ ಗಾಡಿಯನ್ನು ಸ್ವಲ್ಪ ಮುಂದೆ ತಾ. ಬೇರೆ ಏನೂ ಬೇಡ ನನಗೆ...

ಮುಕ್ತಾ... ಅಮ್ಮ, ಮಗಾ...

ಆ ಮಗು ನಿನಗಿಂತ ಚಿಕ್ಕದು. ಮೆಲ್ಲ ತಿರುಗಿಸು, ಆಯ್ತಾ? ಮನೆಗೆ ಮುಟ್ಟಿಸು ಅವಳನ್ನು... ನನಗೋಸ್ಕರ ಇಲ್ಲಿಗೆ ಬರಬೇಕಂತ ಇಲ್ಲ. ನಾನು ಚೆನ್ನಾಗಿದ್ದೇನೆ. ಕಾಕು ಇದ್ದಾರೆ... ತಿರುವು ಮುಗಿದ ಮೇಲೆ ಕೈ ಬಿಡು. ಅಷ್ಟೇ. ಬಿಡು ಮಗಾ...

...

ಅಂಬಾರಾಯ? ಈಗ ಟಕ್ ಅಂದಿತಲ್ಲ... ಅದು ಹ್ಯಾಂಡಲ್ಲಾ? ... ಮರೆಮ್ಮ ಹೋದಳಾ ಗಲ್ಲಿಯೊಳಗೆ? ... ಹ್ಯಾಂಡಲ್ಲೇ ಅಲ್ವಾ? ... ಇಲ್ಲ ಫೋನ್ ಕಟ್ ಆದದ್ದಾ? ... ಹಲೋ... ಹಲೋ...