ಹದಿನಾರು ಕೋರಿನ ಶುಕ್ರವಾರಗಳು

ವೇದಿಕೆಯ ಮೇಲಿರುವ ನಮ್ಮ ನಿರ್ದೇಶಕರಾದ ರವಿಕಿರಣ್ ಅವರೇ, ನನಗೆ ಶಾಲು ಹೊದಿಸಿದ ಮುಖ್ಯ ಅತಿಥಿಗಳೇ, ಸಂಜೆಯ ಟ್ರಾಫಿಕ್ಕನ್ನು ಗೆದ್ದು ಜಯನಗರದ ಈ ಸಭಾಂಗಣ ತಲುಪಿದ ಸಹೋದ್ಯೋಗಿಗಳೇ, ಸಭಿಕರೇ,

ನಮ್ಮ ನಕ್ಷೆ ಕಚೇರಿಯ ವಾರ್ಷಿಕೋತ್ಸವದಲ್ಲಿ ಈ ಸಲದ ಸನ್ಮಾನ ನನಗೆ, ಅಂದರೆ ಮೌನೇಶನಿಗೆ, ಸಂದಿದೆ. ಕಾರಣ ನಿಮಗೆ ಗೊತ್ತೇ ಇದೆ. ಹೊಸ ಕಂಪ್ಯೂಟರುಗಳಿಗೆ ಯಾವ ಪ್ರೊಸೆಸರ್ ಬೇಕೆಂದು ಆರಿಸಿದವನು ನಾನು. ಇಪ್ಪತ್ತು ನಿಮಿಷ ಹಿಡಿಯುತ್ತಿದ್ದ ನಕ್ಷೆ ಈಗ ಆರೇ ನಿಮಿಷದಲ್ಲಿ ಮೂಡುತ್ತದೆ. ಹೇಗೆ ಆರಿಸಿದಿರಿ, ಎರಡು ಮಾತು ಹೇಳಿ ಎಂದಿದ್ದಾರೆ ನಿರ್ದೇಶಕರು.

ಸ್ವಾಮಿ, ನಾಲ್ಕು ವರ್ಷದ ಹಿಂದೆ ಆ ಹಳೆಯ ಪ್ರೊಸೆಸರನ್ನು ಆರಿಸಿದವನೂ ನಾನೇ. ಅದನ್ನು ಇಲ್ಲಿ ಯಾರೂ ನೆನಪಿಸಲಿಲ್ಲ, ನಿಮ್ಮದು ದೊಡ್ಡ ಮನಸ್ಸು. ಅದರೊಳಗೆ ಹದಿನಾರು ಕೋರು, ಅಂದರೆ ಲೆಕ್ಕ ಮಾಡುವ ಹದಿನಾರು ಮಿದುಳು, ಇದೆ ಎಂದು ಅಂಗಡಿಯವನು ಹೇಳಿದೊಡನೆ ಮರುಳಾದೆ. ನಾನು ಸುರಪುರದ ಕಡೆಯವನು. ಆಳು ಹೆಚ್ಚಿದ್ದರೆ ಕೆಲಸ ಬೇಗ ಎಂದು ನಂಬಿ ಬೆಳೆದವನು. ಆದರೆ ನಮ್ಮ ಸಾಫ್ಟ್‌ವೇರ್ ಗೆರೆ ಎಳೆಯುವ ಕೆಲಸವನ್ನೆಲ್ಲ ಒಂದೇ ಕೋರಿನ ತಲೆಗೆ ಕಟ್ಟುತ್ತದೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ರಸ್ತೆ ಅಗೆಯುವುದನ್ನು ನೋಡಿದ್ದೀರಲ್ಲ? ಒಬ್ಬನ ಕೈಯಲ್ಲಿ ಗುದ್ದಲಿ, ಹದಿನೈದು ಜನ ಸುತ್ತ ನಿಂತು ನೋಡುತ್ತಿರುತ್ತಾರೆ. ಅಷ್ಟೇ ಕಥೆ. ನಮಗೆ ಬೇಕಾದದ್ದು ಹೆಚ್ಚು ಕೋರುಗಳಲ್ಲ, ಇರುವ ಒಂದೊಂದು ಕೋರೂ ಚುರುಕಾಗಿರುವುದು.

ಈ ತಪ್ಪು ನನಗೆ ಗೊತ್ತಾದದ್ದು ಯಾವಾಗ? ಈ ವರ್ಷ ಎಂದುಕೊಂಡು ನೀವು ಸನ್ಮಾನ ಮಾಡಿದ್ದೀರಿ. ಅಲ್ಲ. ಹಳೆಯ ಯಂತ್ರ ಬಂದ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಮಾನ ಹೋಗುತ್ತದೆ ಎಂಬ ಹೆದರಿಕೆಯೇ? ಅದೂ ಸ್ವಲ್ಪ ಇತ್ತು.

ನಮ್ಮಲ್ಲೊಂದು ಪದ್ಧತಿ ಇದೆ. ಅಳತೆ ತಂದವರು ನಕ್ಷೆ ಪೂರ್ತಿ ಮೂಡುವವರೆಗೆ ಪಕ್ಕದಲ್ಲೇ ಇದ್ದು, ನೋಡಿ, ಸಹಿ ಹಾಕಿಯೇ ಹೊರಡಬೇಕು. ಶುಕ್ರವಾರ ಸಂಜೆ ವಾರದ ಅಳತೆಗಳನ್ನು ತರುತ್ತಿದ್ದವರು ನಮ್ಮ ಸರ್ವೇಯರ್ ಲತಾಮಣಿಯವರು. ಸಾರಕ್ಕಿಯ ಹಳೆಯ ಮನೆತನದವರು. ಪರದೆಯ ಮೇಲೆ ಗೆರೆಗಳು ನಿಧಾನವಾಗಿ ಬರುತ್ತಿದ್ದರೆ, ಬೆರಳಿಟ್ಟು ಹೇಳುತ್ತಿದ್ದರು: "ಇಲ್ಲಿ ನಮ್ ತಾತ ಸೊಪ್ಪು ಬೆಳೀತಿದ್ರು ಸಾರ್. ಈಗ ಜಿಮ್ ಆಗಿದೆ. ಆಂಟಿಗಳೆಲ್ಲ ಅಲ್ಲೇ ಓಡ್ತಾರೆ, ನಿಂತಲ್ಲೇ." ನಾನು ನಗುತ್ತಿದ್ದೆ. ಆಮೇಲೆ, "ಊಟ ಸರಿಯಾಗಿ ಮಾಡ್ತೀರೋ ಇಲ್ವೋ?" ಎನ್ನುತ್ತಿದ್ದರು. ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಏಳು ವರ್ಷ ಕಳೆದಿದ್ದೇನೆ. ನನ್ನನ್ನು ಹಾಗೆ ಕೇಳಿದವರು ಬೇರೆ ಯಾರೂ ಇಲ್ಲ. ವಾರಕ್ಕೆ ಇಪ್ಪತ್ತು ನಿಮಿಷ. ಅದನ್ನು ಆರು ನಿಮಿಷ ಮಾಡಿ ಎಂದು ನಾನೇ ಅರ್ಜಿ ಬರೆಯಲೇ? ಮೂರು ವರ್ಷ ಬರೆಯಲಿಲ್ಲ.

ಕಳೆದ ಆಷಾಢದ ಒಂದು ಶುಕ್ರವಾರ, ಪುಟ್ಟೇನಹಳ್ಳಿ ಕೆರೆಯ ಅಂಚು ಅರ್ಧ ಮೂಡಿತ್ತು, ಅವರಿಗೆ ಫೋನ್ ಬಂತು. ತಾಯಿ ಗೌರಮ್ಮನವರು ಮನೆಯ ಗೇಟಿನ ಹತ್ತಿರ ತಲೆ ಸುತ್ತಿ ಬಿದ್ದಿದ್ದರು. ಚೀಲ ಎತ್ತಿಕೊಳ್ಳುತ್ತ ಲತಾಮಣಿಯವರು ಹೇಳಿದರು, "ಶುಗರ್ ಸಾರ್ ಅಮ್ಮಂಗೆ. ನಾನ್ ಹೋಗೋವರ್ಗೂ ತಟ್ಟೆ ಮುಟ್ಟಲ್ಲ. ಈ ಮಿಷಿನ್ ಒಂಚೂರು ಬೇಗ ಮಾಡಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ದೆ."

ಗೌರಮ್ಮನವರು ಚೇತರಿಸಿಕೊಂಡರು. ಸೋಮವಾರ ನಾನು ಅರ್ಜಿ ಬರೆದೆ. ಸನ್ಮಾನ ಯಾವುದಕ್ಕೆ ಎಂದು ಈಗ ನೀವೇ ತೀರ್ಮಾನಿಸಿ.

ಈಗ ಯಂತ್ರ ಚುರುಕಾಗಿದೆ. ಅವರು ಬರುತ್ತಾರೆ, ನೋಡುತ್ತಾರೆ, ಸಹಿ ಹಾಕುತ್ತಾರೆ. "ಸಖತ್ ಫಾಸ್ಟ್ ಆಯ್ತು ಸಾರ್, ಬರ್ತೀನಿ" ಎಂದು ಹೊರಡುತ್ತಾರೆ. ಕುರ್ಚಿಯ ಮೇಲೆ ಕೂರುವುದೂ ಇಲ್ಲ. ನನಗೆ ಸಂತೋಷವಾಗಬೇಕು, ಆಗಿದೆ. ಆದರೂ ಶುಕ್ರವಾರ ಸಂಜೆ ಆ ಕುರ್ಚಿಯನ್ನು ಒರೆಸಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಸಭಿಕರೇ, ಎರಡು ಮಾತು ಎಂದು ನಿಂತವನು ಇಷ್ಟು ಹೊತ್ತು ಎಳೆಯುತ್ತಿರುವುದೇಕೆ? ಲತಾಮಣಿಯವರು ಮೂರನೆಯ ಸಾಲಿನಲ್ಲಿದ್ದಾರೆ. ಭಾಷಣದ ನಡುವೆ ಎದ್ದು ಹೋಗಬಾರದೆಂಬ ಮರ್ಯಾದೆಗೆ ಕೂತಿದ್ದಾರೆ, ಗಡಿಯಾರ ನೋಡುತ್ತಿದ್ದಾರೆ. ಅದನ್ನು ಕಂಡೂ ನಾನು ಮಾತು ಬೆಳೆಸುತ್ತಿದ್ದೇನೆ. ಮತ್ತೆ ಅದೇ ಕೆಲಸ ಮಾಡುತ್ತಿದ್ದೇನೆ.

ಲತಾಮಣಿಯವರೇ, ನನ್ನಿಂದ ತಪ್ಪಾಯಿತು, ಕ್ಷಮಿಸಿ. ತಾಯಿಯವರು ಊಟಕ್ಕೆ ಕಾಯುತ್ತಿರುತ್ತಾರೆ. ಹೊರಡಿ.

ಅವರು ಬಾಗಿಲು ದಾಟುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ, ದಯವಿಟ್ಟು ಅಷ್ಟು ಸಹಿಸಿಕೊಳ್ಳಿ. ಹೇಳುವುದು ಇನ್ನೇನೂ ಉಳಿದಿಲ್ಲ. ನಿಮ್ಮೆಲ್ಲರ ತಾಳ್ಮೆಗೆ ಕೃತಜ್ಞ, ನಮಸ್ಕಾರ.