ಮೊಳೆಗೆ ನೇತುಹಾಕಿದ ಪೊಟ್ಟಣ

ಬೇಡ ಬೇಡ, ಆ ಗೋಣಿಚೀಲ ಅಲ್ಲೇ ಕೆಳಗಿಡು. ಬಿಚ್ಚೋದೇನೂ ಬೇಡ. ಒಳಗೇನಿದೆ ಅಂತ ನನಗೆ ಗೊತ್ತಿಲ್ವಾ, ನಾನೇ ಮಾರಿದ ಚೈನ್ ಗರಗಸ ಅದು. ಆರು ವರ್ಷದ ಹಿಂದೆ ನಿಮ್ಮಪ್ಪ ಇದೇ ಜಾಗದಲ್ಲಿ ನಿಂತು, ನನ್ನ ತಮ್ಮನ ಅಂಗಡಿ ಇರೋವಾಗ ಬೇರೆ ಕಡೆ ಯಾಕೆ ಹೋಗ್ಲಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿ ತಗೊಂಡು ಹೋದ. ಕೆಳಗಿಡಮ್ಮ. ಕೂತ್ಕೋ. ತಾಳು, ಆ ಸ್ಟೂಲ್ ಮೇಲೆ ಎಣ್ಣೆ ಇದೆ, ಪೇಪರ್ ಹಾಸ್ತೀನಿ...

ನಿಂತೇ ಇರ್ತೀಯಾ? ನಿನ್ನಿಷ್ಟ.

ಪಂಪ್‌ಹೌಸ್ ಮೇಲೆ ಮರ ಬಿದ್ದಿದೆ, ನಾನೇ ಕುಯ್ತೀನಿ, ಇದನ್ನ ರೆಡಿ ಮಾಡಿಕೊಡು ಚಿಕ್ಕಪ್ಪ ಅಂದೆ. ಸರಿ. ಹೆಣ್ಣುಮಗಳು ನಿನಗ್ಯಾಕೆ ಅಂತ ನಾನೇನೂ ಕೇಳಲ್ಲ. ಗರಗಸಕ್ಕೆ ಗಂಡು ಹೆಣ್ಣು ಗೊತ್ತಿಲ್ಲ, ಎಲ್ಲರನ್ನೂ ಒಂದೇ ಸಮ ಕುಯ್ಯುತ್ತೆ. ಆದ್ರೆ ಈ ಹಳೇದು ಬೇಡ. ಇಲ್ಲಿ ಬಾ, ಗೋಡೆ ನೋಡು, ಎಷ್ಟು ಬೇಕೋ ಅಷ್ಟಿದೆ.

ಇಪ್ಪತ್ತು ವರ್ಷ ಆಯ್ತು ಈ ಅಂಗಡಿ ಹಾಕಿ. ಬಂದವರೆಲ್ಲ ಮೊದಲು ಕೇಳೋದೇ, ದೊಡ್ಡದು ಯಾವುದಿದೆ ಅಂತ. ಏನು ಕುಯ್ಬೇಕು ಅಂತ ಹೇಳೋರು ಯಾರೂ ಇಲ್ಲ. ಮೊನ್ನೆ ಒಬ್ಬರು ಮೇಷ್ಟ್ರು ಬಂದಿದ್ರು. ಹಿತ್ತಲಲ್ಲಿ ಇರೋದು ಒಂದೇ ಒಂದು ನಿಂಬೆ ಗಿಡ, ಬೇಕಾಗಿರೋದು ಇಪ್ಪತ್ತು ಇಂಚಿನ ಬಾರು, ಅದೇ, ಚೈನು ಸುತ್ತೋ ಅಲಗು. ಮೇಷ್ಟ್ರೇ, ಇದನ್ನ ಎತ್ತೋಕೆ ನಿಮಗೆ ಇನ್ನೊಬ್ಬರು ಮೇಷ್ಟ್ರು ಬೇಕಾಗ್ತಾರೆ ಅಂದೆ. ಮುಖ ಊದಿಸಿಕೊಂಡು ಎದುರಂಗಡಿಗೆ ಹೋದ್ರು. ಯಾಕೆ ನಗ್ತೀಯ?

ನಗ್ಲಿಲ್ವಾ. ನಕ್ಕ ಹಾಗೆ ಕಾಣಿಸ್ತು.

ನಿನಗೆ ಹದಿನಾಲ್ಕು ಇಂಚು ಸಾಕು. ಕೊಂಬೆ ಸವರೋದು, ಸೌದೆ ಮಾಡೋದು ಅಷ್ಟೇ ಆಗಿದ್ರೆ ಬ್ಯಾಟರಿದು ಕೊಡ್ತಿದ್ದೆ. ಸದ್ದಿಲ್ಲ, ಹೊಗೆ ಇಲ್ಲ, ಹಗ್ಗ ಎಳೆದು ಎಳೆದು ಭುಜ ನೋಯಿಸ್ಕೊಳ್ಳೋ ಗೋಳಿಲ್ಲ. ಆದ್ರೆ ತೋಟದ ಕೆಲಸ ಅಂದ್ರೆ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತೆ. ಅದಕ್ಕೇ ಇದು ನೋಡು, ಪೆಟ್ರೋಲಿಂದು, ಸಣ್ಣದು. ಎತ್ತು. ಒಂದು ಕೈಯಲ್ಲಿ ಬೇಡ, ಎರಡೂ ಕೈ. ಎಡಗೈ ಹೆಬ್ಬೆರಳು ಹಿಡಿಯ ಕೆಳಗಿಂದ ಬರ್ಬೇಕು... ಹಾಂ. ಚೆನ್ನಾಗೇ ಹಿಡೀತೀಯಲ್ಲ. ಅಪ್ಪ ಹೇಳಿಕೊಟ್ಟನಾ? ಕೂತಲ್ಲಿಂದಲೇ? ಅವನಿಗೇನು, ಹೇಳಿಕೊಡೋದ್ರಲ್ಲಿ ಎತ್ತಿದ ಕೈ. ಚಿಕ್ಕಂದಿನಿಂದ ಹಾಗೇ. ಅಣ್ಣನ್ನ ನೋಡಿ ಕಲಿ, ಅಣ್ಣನ್ನ ನೋಡಿ ಕಲಿ... ನನ್ನ ಕಿವಿ ತೂತು ಬಿದ್ದಿದ್ದು ಆ ಮಾತು ಕೇಳಿ ಕೇಳಿಯೇ.

ಅದನ್ಯಾಕೆ ಮುಂದಕ್ಕೆ ತಳ್ತೀಯ? ಹೌದು, ಟಕ್ ಅಂತು. ಅದೇ ಬ್ರೇಕು. ಗರಗಸ ಹಾರಿದ್ರೆ ಮಣಿಕಟ್ಟು ತಗಲಿ ಕೈಯ ಮುಂದಿರೋ ಈ ಗಾರ್ಡ್ ಮುಂದಕ್ಕೆ ಹೋಗುತ್ತೆ, ಚೈನು ತಕ್ಷಣ ನಿಲ್ಲುತ್ತೆ. ಸಾಕು, ಬಿಡು. ಆಟದ ಸಾಮಾನಲ್ಲ.

ಬ್ರೇಕಿಗಿಂತ ಮುಖ್ಯ ಇಲ್ಲಿದೆ ನೋಡು, ಬಾರಿನ ಮೂತಿ. ಈ ತುದಿಯ ಮೇಲರ್ಧ ಯಾವುದಕ್ಕೂ ತಗಲಬಾರದು. ಮರಕ್ಕೆ, ಕೊಂಬೆಗೆ, ನೆಲಕ್ಕೆ, ಏನಕ್ಕೂ. ತಗಲಿತೋ, ಒದ್ದ ಹಾಗೆ ಹಿಂದಕ್ಕೆ ಬರುತ್ತೆ, ಸೀದಾ ಹೆಗಲಿಗೆ, ಇಲ್ಲಾ ಕುತ್ತಿಗೆಗೆ. ಕಣ್ಣು ಮಿಟುಕಿಸೋಕೂ ಪುರುಸೊತ್ತಿಲ್ಲ. ನಿಮ್ಮಪ್ಪನಿಗೆ ನಾನು ನೂರು ಸಲ ಹೇಳಿದ್ದೆ. ಅಣ್ಣಾ, ಸೊಪ್ಪಿನ ಒಳಗೆ ಮೂತಿ ಹಾಕಬೇಡ, ಹಿಂದೆ ಏನಿದೆಯೋ ಕಾಣಲ್ಲ ಅಂತ. ಕೇಳಿದನಾ? ಹಾಕಿದ. ಹಿಂದೆ ಕೊಂಬೆ ಇತ್ತು. ಆಯ್ತು, ಹೆಗಲಿಗೇ ಬಂತು, ಎಡಗೈ ಹೋಯ್ತು. ಎಂಟು ತಿಂಗಳಾಯ್ತು, ಇವತ್ತಿಗೂ ಒಂದು ಲೋಟ ಎತ್ತೋಕಾಗಲ್ಲ. ನನ್ನ ಮಾತು ಕೇಳಿದ್ರೆ ಹೀಗಾಗ್ತಿತ್ತಾ?

ಆಸ್ಪತ್ರೆಯಲ್ಲೂ ಅದನ್ನೇ ಹೇಳಿದೆ, ಹೌದು. ನೀನು ಅಲ್ಲೇ ಇದ್ದೆಯಲ್ಲ, ಬೆಂಚಿನ ಮೇಲೆ, ಅಪ್ಪನ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು. ಬಂದವರಿಗೆಲ್ಲ ಹೇಳಿದೆ. ಸುಳ್ಳಾ? ಹೇಳಿದ್ದು ನಿಜ, ಅವನು ಕೇಳದೇ ಇದ್ದಿದ್ದೂ ನಿಜ. ಅವನೇ ಒಪ್ಕೋತಾನೆ. ಭಾನುವಾರ ಭಾನುವಾರ ನಾನು ನಿಮ್ಮನೆಗೆ ಬಂದ್ರೆ ಮೊದಲ ಮಾತೇ ಅದು. ತಪ್ಪಾಯ್ತು ಕಣೋ, ನಿನ್ನ ಮಾತು ಕೇಳಬೇಕಾಗಿತ್ತು ಅಂತ.

ಯಾಕೆ ಹಾಗೆ ನೋಡ್ತೀಯ?

ಇರಲಿ. ವ್ಯಾಪಾರಕ್ಕೆ ಬರೋಣ. ಈ ಹೊಸದು ತಗೊಂಡು ಹೋಗು. ದುಡ್ಡಿನ ಮಾತು ಎತ್ತಬೇಡ, ನಾನು ಕೊಡ್ತಿರೋದು. ಚೈನಿನ ಎಣ್ಣೆ, ಅರ, ಕಣ್ಣಿಗೆ ಕನ್ನಡಕ, ಎಲ್ಲ ಇಡ್ತೀನಿ. ಹಳೇದನ್ನ ಇಲ್ಲೇ ಬಿಟ್ಟು ಹೋಗು. ರಕ್ತ ನೋಡಿದ ಸಾಮಾನು ಮನೇಲಿ ಯಾಕೆ? ಅವತ್ತೇ ನಾನು ತಗೊಂಡು ಹೋಗ್ತೀನಿ ಅಂದೆ. ನೀನೇ ಬಿಡಲಿಲ್ಲ. ಅಪ್ಪನ ಸಾಮಾನು, ಇಲ್ಲೇ ಇರಲಿ ಅಂದೆ. ಹಟಮಾರಿ. ಅವನ ಮಗಳೇ ಸರಿ.

ಬೇಡ ಅಂದ್ನಲ್ಲಮ್ಮ, ಚೀಲ ಯಾಕೆ ಬಿಚ್ತೀಯ... ಆ ಟೇಬಲ್ ಮೇಲೆ ಜಾಗ ಇಲ್ಲ... ಸರಿ, ಇಡು. ಇಡು.

ಚೆನ್ನಾಗಿ ಒರೆಸಿದ್ದೀಯ. ಬಾರು ಬಿಚ್ಚಿ ತೊಳೆದಿದ್ದೀಯಾ? ಮುಚ್ಚಳದಲ್ಲಿ ಒಂಚೂರೂ ಮರದ ಹೊಟ್ಟಿಲ್ಲ. ನಟ್ಟು ಫಳಫಳ ಅಂತಿದೆ. ಅಂದ್ರೆ... ನೀನು ಮುಚ್ಚಳ ತೆಗೆದಿದ್ದೀಯ. ಯಾವಾಗ?

ಏನು ತಗೊಂಡೆ? ನಟ್ಟು ಬಿಚ್ಚೋ ಪಾನಾ ಯಾಕೆ ನಿನಗೆ?

ಆ ಪಾನಾ ಅಲ್ಲಿಡು. ನಾನೇ ತೆಗೀತೀನಿ ಅಂದೆ... ಸರಿ, ತೆಗಿ. ತೆಗೆದು ಏನು ನೋಡ್ತೀಯ? ಇದು ಕ್ಲಚ್ಚಿನ ಬಟ್ಟಲು, ಚೈನನ್ನ ತಿರುಗಿಸೋದು ಇದೇ. ಇದರ ಸುತ್ತ, ಮುಚ್ಚಳದ ಒಳಗೆ, ಒಂದು ಉಕ್ಕಿನ ಪಟ್ಟಿ ಬರುತ್ತೆ. ಬೆರಳಗಲ ಇರುತ್ತೆ. ಬ್ರೇಕು ಬಿದ್ದಾಗ ಅದು ಬಟ್ಟಲನ್ನ ಬಿಗಿಯಾಗಿ ಅಪ್ಪಿ ಚೈನನ್ನ ನಿಲ್ಲಿಸುತ್ತೆ.

ಹೌದು. ಇಲ್ಲ. ಅಲ್ಲಿ ಇಲ್ಲ. ಖಾಲಿ.

ನೋಡು, ನಿನಗೆ ಗೊತ್ತಿಲ್ಲ ಇದು, ದೊಡ್ಡವರ ವಿಚಾರ. ಅವನೇ ತೆಗೆಸಿದ. ಹೌದು, ನಿಮ್ಮಪ್ಪನೇ. ಬ್ರೇಕು ಸುಮ್ಮಸುಮ್ಮನೆ ಕಚ್ಕೊಳ್ಳುತ್ತೆ, ಕೆಲಸ ಸಾಗ್ತಿಲ್ಲ, ಪಟ್ಟಿ ಕಿತ್ತುಹಾಕೋ ಅಂದ. ಎಷ್ಟೋ ಜನ ಹಾಗೇ ಮಾಡಿಸ್ಕೋತಾರೆ. ಬೇಡ ಅಂದೆ. ಅಣ್ಣ ಅಲ್ವಾ, ಮಾತು ಮೀರೋಕಾಗುತ್ತಾ... ನಿಮ್ಮಮ್ಮ ಬೈತಾಳೆ ಅಂತ ಇಷ್ಟು ದಿನ ನಾನು ಬಾಯಿ ಬಿಡಲಿಲ್ಲ. ಅವನ ಮಾನ ಉಳಿಸೋಣ ಅಂತ.

ಏನು ಮಾಡ್ತಿದ್ದೀಯ? ಮತ್ತೆ ಮುಚ್ಚಳ ಹಾಕಿ... ಗಾರ್ಡ್ ತಳ್ಳಬೇಡ.

ಟಕ್ ಅಂತು. ಕೇಳಿಸ್ತು ನನಗೂ. ಕಿವುಡನಲ್ಲ ನಾನು.

ಪಟ್ಟಿ ಇಲ್ಲದಿದ್ರೂ ಟಕ್ ಅನ್ನುತ್ತೆ, ಹೌದು. ಸ್ಪ್ರಿಂಗ್ ಇರುತ್ತಲ್ಲ. ಹೊರಗಿಂದ ನೋಡಿದವರಿಗೆ ಬ್ರೇಕ್ ಇದೆ ಅಂತಲೇ ಅನ್ಸುತ್ತೆ. ಮತ್ತೆ ತಳ್ಳಬೇಡ. ಮೂರು ಸಲ... ಹಾಗೆ ಮೂರು ಸಲ ತಳ್ಳಿ ನೋಡೋನು ಅವನೇ. ಪ್ರತಿ ಬೆಳಗ್ಗೆ. ಶೂ ಕಟ್ಟಿ, ಗರಗಸ ನೆಲದ ಮೇಲಿಟ್ಟು, ಟಕ್, ಟಕ್, ಟಕ್. ನಾವು ನಗ್ತಿದ್ವಿ, ದೇವರಿಗೆ ಗಂಟೆ ಹೊಡೆದ ಹಾಗೆ ಹೊಡೀತಾನೆ ಅಂತ. ಕೈ ಹೋದ ದಿನವೂ ಹೊಡೆದನಾ? ನೀನು ನೋಡಿದ್ಯಾ?

ನೋಡಿದ್ದೀಯ.

ಪಟ್ಟಿ ತೆಗೆಸಿದವನು ಬ್ರೇಕು ಯಾಕೆ ಪರೀಕ್ಷೆ ಮಾಡ್ತಾನೆ. ಅಷ್ಟು ಲೆಕ್ಕ ನಿನಗೆ ಬರುತ್ತೆ.

ಎಲ್ಲಿ ನೋಡ್ತಿದ್ದೀಯ? ಗೋಡೇಲಿ ಏನಿಲ್ಲ. ಹಳೇ ಬೆಲ್ಟು, ವಾಷರ್ರು... ಆ ಮೊಳೆಗೆ ನೇತುಹಾಕಿರೋ ಪೊಟ್ಟಣನಾ? ಅದು ಯಾರದೋ ಗಿರಾಕಿದು. ಮುಟ್ಟಬೇಡ. ಮುಟ್ಟಬೇಡ ಅಂದೆ.

ಓದಬೇಡ, ನಾನೇ ಹೇಳ್ತೀನಿ. ನನ್ನ ಕೈಬರಹವೇ. "ಅಣ್ಣನ ಗರಗಸ" ಅಂತ ಬರೆದಿದೆ.

ಅವತ್ತು ಶನಿವಾರ. ಸರ್ವೀಸಿಗೆ ಅಂತ ತಂದ. ಪಕ್ಕದಲ್ಲೇ ನಿಂತ, ನೀನು ನಿಂತಿರೋ ಜಾಗದಲ್ಲೇ. ಎರಡು ಜನ ಗಿರಾಕಿ ಬೇರೆ. ಮುಚ್ಚಳ ಬಿಚ್ಚಿ ಪಟ್ಟಿ ಸ್ವಚ್ಛ ಮಾಡ್ತಿದ್ದೆ. ಅದನ್ನ ಬೆರಳಲ್ಲಿ ಮೆಲ್ಲಗೆ ಕೂರಿಸಬೇಕು. ನಾನು ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಹೊಸಬರು ಮಾಡೋ ತಪ್ಪು. ನನ್ನ ಕೈಯಲ್ಲೇ ಮುರೀತು. ಅಷ್ಟರಲ್ಲಿ ಅವನು ಗಿರಾಕಿಗಳಿಗೆ ಹೇಳ್ತಿದ್ದಾನೆ, ನನ್ನ ತಮ್ಮನ ಕೈ ಅಂದ್ರೆ ಕೈ, ಇವನು ಮುಟ್ಟಿದ್ದು ಕೆಡೋದೇ ಇಲ್ಲ ಅಂತ... ಜೀವಮಾನದಲ್ಲಿ ಮೊದಲ ಸಲ, ಅವನು ನನ್ನ ಕೆಲಸ ಹೊಗಳಿದ್ದು. ನಾಲ್ಕು ಜನರ ಮುಂದೆ. ಆಗ ನಾನು, ಅಣ್ಣಾ, ಮುರಿದೆ ಅಂತ ಹೇಳಲಾ?

ತುಂಡನ್ನ ಜೇಬಿಗೆ ಹಾಕ್ಕೊಂಡೆ. ಖಾಲಿ ಮುಚ್ಚಳ ಹಾಕಿ ಬಿಗಿ ಮಾಡಿದೆ. ತಗೋ ಅಣ್ಣ, ರೆಡಿ ಅಂದೆ. ಅವನು ಗಾರ್ಡ್ ತಳ್ಳಿ ನೋಡಿದ. ಟಕ್ ಅಂತು. ನಕ್ಕ.

ಅವತ್ತೇ ಆರ್ಡರ್ ಮಾಡಿದೆ, ಒಂಬತ್ತನೇ ದಿನಕ್ಕೆ ಹೊಸ ಪಟ್ಟಿ ಬಂತು. ಬಂದ ತಕ್ಷಣ ಅದರ ಮೇಲೆ ಬರೆದು ಅಲ್ಲಿ ನೇತುಹಾಕಿದೆ. ಫೋನ್ ಮಾಡಿದ್ರೆ ಯಾಕೆ ಅಂತ ಕೇಳ್ತಾನೆ. ಅದಕ್ಕೆ, ಬರ್ತಾನಲ್ಲ, ಬಂದಾಗ ಏನೋ ನೆಪ ಹೇಳಿ ಹಾಕಿಕೊಡೋಣ ಅಂದ್ಕೊಂಡೆ. ಇವತ್ತು ಬರ್ತಾನೆ, ನಾಳೆ ಬರ್ತಾನೆ... ಅವನ ಬದಲು ಆಸ್ಪತ್ರೆಯಿಂದ ನಿನ್ನ ಫೋನ್ ಬಂತು.

ಪಟ್ಟಿ ಇದ್ದಿದ್ರೂ ಗರಗಸ ಹಾರ್ತಿತ್ತು. ಮೂತಿ ತಗಲಿಸಿದ್ದು ಅವನೇ. ಆದ್ರೆ ಹೆಗಲಿಗೆ ಬರೋ ಹೊತ್ತಿಗೆ ಚೈನು ನಿಂತಿರ್ತಿತ್ತು. ಒಂದು ಗಾಯ ಆಗ್ತಿತ್ತು. ಒಂದು ಹೊಲಿಗೆಯೋ ಎರಡೋ.

ಬೈಯಿ. ಏನಾದ್ರೂ ಅನ್ನು, ಮಗಳೇ. ನಿನಗೆ ಕೈಮುಗೀತೀನಿ.

ಚೀಲ ಕಟ್ತಿದ್ದೀಯಾ? ಪೊಟ್ಟಣ ಕೊಡು, ಹಾಕಿಕೊಡ್ತೀನಿ, ಐದು ನಿಮಿಷ... ಬೇಡ. ನನ್ನ ಕೈಯಿಂದ ಬೇಡ. ಸರಿ. ಬೆರಳಲ್ಲೇ ಕೂರಿಸು, ಮೀಟಬೇಡ. ನಿನಗೆ ಗೊತ್ತಿರುತ್ತೆ.

ಮತ್ತೆ ಬಾಗಿಲಲ್ಲಿ ಯಾಕೆ ನಿಂತೆ? ಹೋಗು. ಹೋಗಿ ನೀನೇ ಹೇಳು ಅವನಿಗೆ. ನಿನ್ನ ಬಾಯಿಂದ ಕೇಳಿದ್ರೆ...

ಹೇಳಲ್ವಾ. ಕಾಯ್ತಿದ್ದೀಯಾ? ನಾನು ಬರೋದನ್ನಾ? ಈಗಲೇ?

ತಾಳು. ಕೈ ತೊಳೆದು ಬರ್ತೀನಿ. ಷಟರ್ ಎಳೀಬೇಕು. ಬೀಗ ಎಲ್ಲಿಟ್ಟೆ... ನೀನು ಮುಂದೆ ಹೋಗಬೇಡ, ಜೊತೆಗೇ ನಡಿ. ಒಂದು ಸಹಾಯ ಮಾಡಮ್ಮ, ಒಂದೇ ಒಂದು. ಒಳಗೆ ಹೋದ ತಕ್ಷಣ ಅವನನ್ನ ಮಾತಾಡೋಕೆ ಬಿಡಬೇಡ. ನಾನು ಹೊಸಿಲು ದಾಟೋದೇ ತಡ, ಅವನೇ ಶುರು ಮಾಡ್ತಾನಲ್ಲ, ತಪ್ಪಾಯ್ತು ಕಣೋ ಅಂತ. ಅಷ್ಟರೊಳಗೆ ನಾನು ಹೇಳಬೇಕು.